ಬಾಲಿಯ ನೀರು: ದೇವರ ಲೆಕ್ಕ, ಇಲಿಯ ಲೆಕ್ಕ

ನಮಸ್ಕಾರ. ಬಾಲಿ ಅಂತ ಹುಡುಕಿದರೆ ಮೊದಲು ಬರುವುದು ಮೆಟ್ಟಿಲು ಗದ್ದೆ, ಅದರ ಮುಂದೊಂದು ಉಯ್ಯಾಲೆ, ಉಯ್ಯಾಲೆಯಲ್ಲಿ ಉದ್ದ ಗೌನಿನ ಹುಡುಗಿ. ಉಯ್ಯಾಲೆ ಇರಲಿ ಬಿಡಿ. ಆ ಗದ್ದೆಗೆ ನೀರು ಹೇಗೆ ಬಂತು ಅಂತ ಯಾರಾದರೂ ಕೇಳಿದ್ದಾರಾ?

ತಂಪಾಕ್‌ಸಿರಿಂಗ್ ಅಂತ ಒಂದು ಊರು. ಪ್ರವಾಸಿಗರು ಹೆಚ್ಚು ಹೋಗುವ ಉಬುದ್‌ನಿಂದ ದೂರವಿಲ್ಲ. ಆ ಸೀಮೆಯಲ್ಲಿ ಅಕ್ಕಪಕ್ಕ ಎರಡು ನದಿಗಳು ಹರಿಯುತ್ತವೆ. ಪಕೆರಿಸಾನ್ ಪಾವನ, ಪೆತಾನು ಶಾಪಗ್ರಸ್ತ. ಅಲ್ಲಿನ ಕಥೆ ಹೀಗಿದೆ: ಮಾಯಾದಾನವ ಅನ್ನುವ ರಾಜ ದೇವರ ಪೂಜೆ ನಿಲ್ಲಿಸಿದ, ಇಂದ್ರನ ಸೈನ್ಯ ಕುಡಿಯುವ ನೀರಿಗೆ ವಿಷ ಹಾಕಿದ. ಇಂದ್ರ ನೆಲ ಸೀಳಿ ಹೊಸ ಬುಗ್ಗೆ ಚಿಮ್ಮಿಸಿದ. ಅದೇ ತೀರ್ಥ ಎಂಪುಲ್. ಸತ್ತ ಮಾಯಾದಾನವನ ರಕ್ತ ಹರಿದು ಪೆತಾನು ಆಯಿತು. ಅದರ ನೀರಲ್ಲಿ ಬೆಳೆದ ಭತ್ತ ಕೊಯ್ದರೆ ರಕ್ತ ಬರುತ್ತದೆ ಅಂತ ನಂಬಿಕೆ. ಹಾಗಂತ ಎಲ್ಲರೂ ಹೆದರಲಿಲ್ಲ. ಸನ್ಯಾಸಿಗಳು ಧ್ಯಾನಕ್ಕೆ ಕೂರುತ್ತಿದ್ದ ಗೋವಾ ಗಜ ಗುಹೆ ಇರುವುದು ಇದೇ ಪೆತಾನು ಪಕ್ಕದಲ್ಲಿ!

ಹೆಸರುಗಳೆಲ್ಲ ನಮ್ಮವೇ ಅನ್ನಿಸುತ್ತದೆ ಅಲ್ವಾ? ಅಲ್ಲಿನ ಪೂಜಾರಿಗಳು ತೀರ್ಥ ಮಾಡುವಾಗ ಗಂಗೆ, ಸಿಂಧು, ಸರಸ್ವತಿ, ಯಮುನೆಯರನ್ನು ಕರೆಯುತ್ತಾರೆ. ಆದರೆ "ಅಲ್ಲಿರುವುದು ನಮ್ಮದೇ ಧರ್ಮ" ಅಂತ ಎದೆ ತಟ್ಟಿಕೊಂಡು ವಾಪಸ್ ಬಂದರೆ, ಅವರು ಸ್ವಂತ ಕಟ್ಟಿಕೊಂಡದ್ದು ಕಾಣುವುದೇ ಇಲ್ಲ.

ಆ ಬುಗ್ಗೆಯ ಸುತ್ತ ತೀರ್ಥ ಎಂಪುಲ್ ಗುಡಿ ಕಟ್ಟಿದ್ದು 962ರಲ್ಲಿ. ಸ್ವಲ್ಪ ಕೆಳಗೆ ಗುನುಂಗ್ ಕಾವಿ. 11ನೇ ಶತಮಾನದಲ್ಲಿ ಪಕೆರಿಸಾನ್ ಕಣಿವೆಯ ಬಂಡೆಯಲ್ಲೇ ಕೊರೆದ ಗುಡಿಗಳು. ಅಲ್ಲಿ ಮೆಟ್ಟಿಲಿಳಿದು ಸುಸ್ತಾದಾಗ ಒಂದು ವಿಷಯ ಹೊಳೆಯುತ್ತದೆ. ನದಿ ಪಾತಾಳದಲ್ಲಿದೆ, ಗದ್ದೆ ಮೇಲಿದೆ. ಪಂಪ್ ಇಲ್ಲದ ಕಾಲದಲ್ಲಿ ನೀರು ಹತ್ತಿದ್ದು ಹೇಗೆ? ಹತ್ತಲೇ ಇಲ್ಲ. ನದಿಯ ಮೇಲ್ಭಾಗದಲ್ಲೇ ಸಣ್ಣ ಒಡ್ಡು ಕಟ್ಟಿ, ಬಂಡೆಯೊಳಗೆ ಸುರಂಗ ತೋಡಿ, ಇಳಿಜಾರಲ್ಲಿ ಗದ್ದೆಗೆ ತಂದರು. ಸುರಂಗ ತೋಡುವವರ ಪ್ರಸ್ತಾಪ ಸಾವಿರ ವರ್ಷದ ಹಿಂದಿನ ಶಾಸನಗಳಲ್ಲೇ ಇದೆ.

ಆ ನೀರನ್ನು ಹಂಚುವುದು ಸುಬಕ್. ಒಂದೇ ಕಾಲುವೆಯ ರೈತರ ಸಂಘ. ಮುಖ್ಯಸ್ಥನಿಗೆ ಪೆಕಾಸೆ ಅನ್ನುತ್ತಾರೆ. ಪ್ರತಿ ಸುಬಕ್‌ಗೂ ಗುಡಿ ಇದೆ. ಎಲ್ಲಕ್ಕಿಂತ ಮೇಲೆ ಬಾತೂರ್ ಸರೋವರದ ದೇವಿ ದಾನು. ಯಾವಾಗ ನಾಟಿ, ಯಾವಾಗ ಗದ್ದೆ ಖಾಲಿ ಬಿಡಬೇಕು, ಎಲ್ಲ ಗುಡಿಗಳ ಮೂಲಕವೇ ತೀರ್ಮಾನ.

ಮೇಲಿನ ರೈತ ಕೆಳಗಿನವನಿಗೆ ಯಾಕೆ ನೀರು ಬಿಡಬೇಕು? ಭಕ್ತಿಯಿಂದ ಅಂತೀರಾ? ಇಲಿ ಕಾರಣ, ಸ್ವಾಮಿ. ಜೊತೆಗೆ ಜಿಗಿಹುಳು. ಎಲ್ಲರೂ ಒಟ್ಟಿಗೆ ನಾಟಿ ಮಾಡಿ, ಒಟ್ಟಿಗೆ ಕೊಯ್ದು, ಒಟ್ಟಿಗೆ ಗದ್ದೆ ಖಾಲಿ ಬಿಟ್ಟರೆ ಇವುಗಳಿಗೆ ತಿನ್ನಲು ಏನೂ ಸಿಗುವುದಿಲ್ಲ. ಕೆಳಗಿನವನು ಬೇಜಾರಾಗಿ ತನ್ನ ಪಾಡಿಗೆ ತಾನು ನೆಟ್ಟುಕೊಂಡರೆ, ಅವನ ಗದ್ದೆಯ ಪೀಡೆ ಮೇಲಿನವನ ಗದ್ದೆಗೂ ಹತ್ತುತ್ತದೆ. ಮೇಲಿನವನ ಕೈಯಲ್ಲಿ ನೀರು, ಕೆಳಗಿನವನ ಕೈಯಲ್ಲಿ ಇಲಿ. ಹೀಗೆ ಇಬ್ಬರಿಗೂ ಒಬ್ಬರ ಜುಟ್ಟು ಇನ್ನೊಬ್ಬರ ಕೈಯಲ್ಲಿ.

1970ರ ದಶಕದಲ್ಲಿ ಸರ್ಕಾರ ಬಂದು ಹೊಸ ತಳಿ ಕೊಟ್ಟಿತು. ಗುಡಿಯ ಲೆಕ್ಕ ಬಿಡಿ, ಆದಷ್ಟು ಸಲ ನಾಟಿ ಮಾಡಿ ಅಂದಿತು. ಮೊದಲು ಇಳುವರಿ ಬಂತು. ಆಮೇಲೆ ನೀರಿನ ಜಗಳ, ಹುಳ, ರೋಗ. ಸ್ಟೀಫನ್ ಲ್ಯಾನ್ಸಿಂಗ್ ಅನ್ನುವ ಮಾನವಶಾಸ್ತ್ರಜ್ಞ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿ ನೋಡಿದರು. ಗುಡಿಗಳ ಹೊಂದಾಣಿಕೆಯೇ ಒಳ್ಳೆಯ ಫಸಲು ಕೊಡುತ್ತದೆ ಅಂತ ಬಂತು. 2012ರಲ್ಲಿ ಯುನೆಸ್ಕೋ ಪಕೆರಿಸಾನ್ ಕಣಿವೆಯೂ ಸೇರಿದಂತೆ ಸುಬಕ್ ಭೂದೃಶ್ಯವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಪಟ್ಟಿಗೆ ಸೇರಿದ್ದು ಖುಷಿಯೇ. ಆದರೆ ನನ್ನ ತಕರಾರು ಇಲ್ಲಿದೆ. ಗದ್ದೆಯ ನಡುವೆ ವಿಲ್ಲಾ ಎದ್ದಾಗ ಹೋಗುವುದು ನೀರು, ಜಾಗ ಅಷ್ಟೇ ಅಲ್ಲ, ಆ ಜುಟ್ಟಿನ ಹಿಡಿತವೂ ಹೋಗುತ್ತದೆ. ವಿಲ್ಲಾ ಮಾಲೀಕನಿಗೆ ಇಲಿಯ ಭಯವೇ ಇಲ್ಲ! ಈಜುಕೊಳವನ್ನು ಜಿಗಿಹುಳು ತಿನ್ನುವುದಿಲ್ಲ. ಸುಬಕ್ ಸಭೆಗೆ ಬರಲು, ಪಕ್ಕದವನಿಗೆ ತಗ್ಗಲು ಅವನಿಗೆ ಕಾರಣವೇ ಇಲ್ಲ. ಹಾಗಾಗಿ ಕಾರಣ ಹುಟ್ಟಿಸಬೇಕು. ಸುಬಕ್ ನೆಲದಲ್ಲಿ ಕಟ್ಟಡ ಕಟ್ಟಿದವನು ಸುಬಕ್‌ನ ಸದಸ್ಯನಾಗಲಿ. ಕಾಲುವೆ ಹೂಳೆತ್ತುವ ದಿನ ಆಳು ಕಳಿಸಲಿ, ಗುಡಿಯ ಹಬ್ಬದ ಖರ್ಚಿಗೆ ಪಾಲು ಕೊಡಲಿ, ಪೆಕಾಸೆ ನೀರು ನಿಲ್ಲಿಸು ಅಂದ ದಿನ ಕೊಳ ತುಂಬಿಸದಿರಲಿ. ಒಪ್ಪದವನಿಗೆ ಪರವಾನಗಿ ಕೊಡಬಾರದು.