ಸಣ್ಣ ನಾಯಿ, ಸಣ್ಣ ಮಕ್ಕಳು

ಕೇಳುಗರಿಗೆಲ್ಲ ನಮಸ್ಕಾರ.

ನಾನು ದಾವಣಗೆರೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಜನ ನನ್ನನ್ನು ದನದ ಡಾಕ್ಟ್ರು ಅಂತಲೇ ಕರೆಯುತ್ತಿದ್ದರು. ಆಸ್ಪತ್ರೆಗೆ ಬರುತ್ತಿದ್ದದ್ದೂ ದನ, ಎಮ್ಮೆ, ಕುರಿ. ನಾಯಿ ಬಂದರೆ ಅದು ಹೊಲ ಕಾಯುವ ನಾಯಿ, ಇಲ್ಲವೇ ಕುರಿ ಹಿಂಡಿನ ಜೊತೆ ಬಂದ ನಾಯಿ. ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ಆದರೂ ವಾರಕ್ಕೊಬ್ಬರಾದರೂ ಗೇಟಿನ ಹತ್ತಿರ ನಿಂತು ಕೇಳುತ್ತಾರೆ: "ಸಾರ್, ಮನ್ಯಾಗ ಸಣ್ಣ ಹುಡುಗ್ರು ಅದಾವ್ರಿ. ಸಣ್ಣ ನಾಯಿ ಯಾವುದು ತರಬೇಕ್ರಿ?"

ಈ ಪ್ರಶ್ನೆಯೊಳಗೆ ಒಂದು ಲೆಕ್ಕ ಅಡಗಿದೆ. ಮಗು ಸಣ್ಣದು, ನಾಯಿಯೂ ಸಣ್ಣದಿದ್ದರೆ ಭಯವಿಲ್ಲ ಅಂತ. ಕೇಳೋಕೆ ಸರಿಯಾಗೇ ಇದೆ. ಆದರೆ ಈ ಲೆಕ್ಕ ನನ್ನ ಮನೆಯಲ್ಲೇ ತಪ್ಪಿತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಮೊಮ್ಮಗಳ ನಾಲ್ಕನೇ ಹುಟ್ಟುಹಬ್ಬಕ್ಕೆ ನನ್ನ ಮಗಳು ಒಂದು ಬೆಳ್ಳಗಿನ ಪಮೇರಿಯನ್ ಮರಿ ತಂದಳು. ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲವೇನೋ, ಅಷ್ಟು ಮುದ್ದಾಗಿತ್ತು. ತೂಕ ಒಂದು ಕೇಜಿ ಇದ್ದೀತು. ಪಿಂಕಿ ಅಂತ ಹೆಸರಿಟ್ಟರು. ಮಗು ಅದನ್ನು ನೆಲಕ್ಕೆ ಬಿಡಲೇ ಇಲ್ಲ. ಉಣ್ಣುವಾಗ ತೊಡೆ ಮೇಲೆ, ಟಿವಿ ನೋಡುವಾಗ ಕಂಕುಳಲ್ಲಿ. ಮೂರನೇ ದಿನ ದಿವಾನದ ಮೇಲೆ ನಿಂತು ಎತ್ತಿಕೊಂಡಿದ್ದಾಗ ಮರಿ ಮಿಸುಕಾಡಿತು, ಕೈಯಿಂದ ಜಾರಿ ಗ್ರಾನೈಟ್ ನೆಲಕ್ಕೆ ಬಿತ್ತು. ಮುಂಗಾಲು ಮುರಿಯಿತು. ಎತ್ತುಗಳ ಕಾಲು ಕಟ್ಟಿದ ಕೈ ನನ್ನದು. ಈ ಕಾಲು ನನ್ನ ಕಿರುಬೆರಳಿಗಿಂತ ತೆಳ್ಳಗಿತ್ತು. ಕಟ್ಟುವಾಗ ಕೈ ನಡುಗಿತು ಅಂತ ಹೇಳೋಕೆ ನಾಚಿಕೆ ಇಲ್ಲ. ಮಗು ಬಾಗಿಲ ಹಿಂದೆ ನಿಂತು ಅಳುತ್ತಿತ್ತು. ಅದರ ತಪ್ಪೇನಿತ್ತು ಹೇಳಿ?

ಬಹಳ ಸಣ್ಣ ಜಾತಿಯ ನಾಯಿಗಳಲ್ಲಿ ಈ ಮುಂಗಾಲಿನ ಎಲುಬು ಮುರಿಯೋದು ಮಾಮೂಲು. ಮಂಚದಿಂದ ಹಾರಿದರೂ ಸಾಕು. ಆ ಜಾಗದಲ್ಲಿ ರಕ್ತ ಓಡಾಟ ಕಡಿಮೆ, ಹಾಗಾಗಿ ಕೂಡೋದೂ ನಿಧಾನ. ಸಣ್ಣ ನಾಯಿ ಮತ್ತು ಸಣ್ಣ ಮಗು ಒಟ್ಟಿಗಿದ್ದರೆ ಮೊದಲು ಪೆಟ್ಟು ತಿನ್ನೋದು ಬಹಳ ಸಲ ನಾಯಿಯೇ.

ನಮ್ಮ ಊರಲ್ಲಿ ಪಮೇರಿಯನ್ ಅಂತ ಕರೆಯುವ ನಾಯಿಗಳಲ್ಲಿ ಹೆಚ್ಚಿನವು ನಿಜವಾದ ಪಮೇರಿಯನ್ ಅಲ್ಲ, ಇಂಡಿಯನ್ ಸ್ಪಿಟ್ಜ್. ನೋಡೋಕೆ ಅಣ್ಣ ತಮ್ಮಂದಿರ ಹಾಗೆ. ಅಸಲಿ ಪಮೇರಿಯನ್ ಒಂದೂವರೆಯಿಂದ ಮೂರು ಕೇಜಿ ಚಿಲ್ಲರೆ ತೂಗುತ್ತದೆ. ಸ್ಪಿಟ್ಜ್ ಐದು ಕೇಜಿ ದಾಟುತ್ತದೆ, ಮೂತಿ ಉದ್ದ, ನಮ್ಮ ಬಿಸಿಲಿಗೂ ಸ್ವಲ್ಪ ಒಗ್ಗಿದೆ. ಪಮೇರಿಯನ್ ಕೂಡ ಮೊದಲು ಇಷ್ಟು ಗುಜ್ಜಾರಿ ಇರಲಿಲ್ಲ. 1888ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಇಟಲಿಯಿಂದ ಒಂದು ಸಣ್ಣ ಪಮೇರಿಯನ್ ತಂದಳು. ಆಮೇಲೆ ಸಣ್ಣದೇ ಚೆಂದ ಅನ್ನೋ ಹುಚ್ಚು ಹತ್ತಿತು. ರಾಣಿಯ ಶೋಕಿ, ಕಾಲು ಮುರಿದದ್ದು ನಮ್ಮ ಪಿಂಕಿಯದು.

ಇನ್ನು ಕಚ್ಚುವ ಮಾತು. ಸಣ್ಣ ನಾಯಿ ಸಾಧು ಅಂತ ನಂಬಿದವರು ಬಹಳ. 2008ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ನಾಯಿ ಸಾಕಿದವರನ್ನೇ ಕೇಳಿ, ಯಾವ ಜಾತಿಗೆ ಸಿಟ್ಟು ಜಾಸ್ತಿ ಅಂತ ಲೆಕ್ಕ ಹಾಕಿದರು. ಮೇಲೆ ಬಂದ ಹೆಸರುಗಳಲ್ಲಿ ಡ್ಯಾಷ್‌ಹುಂಡ್ ಇತ್ತು, ಚಿವಾವಾ ಇತ್ತು. ಎರಡೂ ಗಿಡ್ಡ ನಾಯಿಗಳೇ. ನನಗೆ ಆಶ್ಚರ್ಯ ಆಗಲಿಲ್ಲ. ಡ್ಯಾಷ್‌ಹುಂಡನ್ನು ಬೆಳೆಸಿದ್ದೇ ಬಿಲದೊಳಗೆ ನುಗ್ಗಿ ಪ್ರಾಣಿ ಹಿಡಿಯೋಕೆ. ಅದಕ್ಕೆ ಧೈರ್ಯ ಬೇಕಲ್ವಾ?

ಅದರ ಜಾಗದಲ್ಲಿ ನಿಂತು ನೋಡಿ. ನೀವು ಒಂದು ಗೇಣು ಎತ್ತರ. ನಿಮಗಿಂತ ಐದಾರು ಪಟ್ಟು ತೂಕದ ಒಂದು ಜೀವ ಕಿರುಚುತ್ತಾ ಓಡಿ ಬರುತ್ತದೆ, ಕೇಳದೆ ಮೇಲೆತ್ತುತ್ತದೆ, ಬಾಲ ಎಳೆಯುತ್ತದೆ. ನಾಯಿ ಮೊದಲು ಮುಖ ಪಕ್ಕಕ್ಕೆ ತಿರುಗಿಸುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ತುಟಿ ನೆಕ್ಕಿಕೊಳ್ಳುತ್ತದೆ, ಕಿವಿ ಹಿಂದಕ್ಕೆ ಹಾಕುತ್ತದೆ, ಕಣ್ಣಿನ ಬಿಳಿ ಕಾಣಿಸುತ್ತದೆ. ಅದರ ಭಾಷೆಯಲ್ಲಿ ಇದೆಲ್ಲ 'ಸಾಕು ಬಿಡಪ್ಪ' ಅಂದ ಹಾಗೆ. ಕೊನೆಗೆ ಗುರ್ ಅನ್ನುತ್ತದೆ. ದೊಡ್ಡ ನಾಯಿ ಗುರ್ ಅಂದರೆ ಮನೆಮಂದಿ ಮಗುವನ್ನು ಎಳೆದುಕೊಳ್ಳುತ್ತಾರೆ. ಸಣ್ಣದು ಗುರ್ ಅಂದರೆ ನಗುತ್ತಾರೆ, ಮೊಬೈಲ್ ತೆಗೆದು ವಿಡಿಯೋ ಮಾಡುತ್ತಾರೆ! ಇಲ್ಲವೇ ಗುರ್ ಅಂದಿದ್ದಕ್ಕೆ ತಲೆಗೊಂದು ಬಿಗಿಯುತ್ತಾರೆ. ಹೊಡೆದರೆ ನಾಯಿ ಗುರ್ ಅನ್ನೋದು ನಿಲ್ಲಿಸಬಹುದು. ಕಚ್ಚೋದು ನಿಲ್ಲಿಸಲ್ಲ. ಮುಂದಿನ ಸಲ ಹೇಳದೆ ಕೇಳದೆ ಕಚ್ಚುತ್ತದೆ.

ಚಿಕ್ಕ ಮಕ್ಕಳಿಗೆ ಹೆಚ್ಚಾಗಿ ಕಚ್ಚೋದು ಗುರುತಿನ ನಾಯಿಯೇ, ಗಾಯ ಆಗೋದು ಮುಖಕ್ಕೆ. ಮಗು ಬಗ್ಗಿ ಮುತ್ತು ಕೊಡೋಕೆ ಹೋಗಿರುತ್ತದೆ.

ಕಚ್ಚಿದರೆ, ಸಾಕಿದ ನಾಯಿ ಅಲ್ವಾ ಅಂತ ಸುಮ್ನೆ ಕೂರಬೇಡಿ. ನಲ್ಲಿ ಬಿಟ್ಟು, ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು 15 ನಿಮಿಷ. ಸುಣ್ಣ, ಅರಿಶಿನ, ಖಾರದ ಪುಡಿ ಏನೂ ಬೇಡ. ಅಲ್ಲಿಂದ ನೇರ ಆಸ್ಪತ್ರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆಗೆ ದುಡ್ಡು ಕೊಡಬೇಕಿಲ್ಲ. ಚರ್ಮಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನ, ಅದನ್ನು ಸೊನ್ನೆ ಅಂತ ಎಣಿಸಿ, ಆಮೇಲೆ 3, 7 ಮತ್ತು 28ನೇ ದಿನ. ತೋಳಿನ ಮಾಂಸಕ್ಕೆ ಕೊಟ್ಟರೆ 14ನೇ ದಿನ ಇನ್ನೊಂದು. ಎರಡು ಹಾಕಿಸಿ ಮದುವೆ ಮನೆ, ಜಾತ್ರೆ ಅಂತ ಬಿಟ್ಟವರನ್ನು ನೋಡಿದ್ದೇನೆ. ಬಿಡಬೇಡಿ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಉಳಿಸೋಕೆ ಔಷಧಿ ಇಲ್ಲ. ನಾಯಿಗೂ ಮೂರು ತಿಂಗಳು ತುಂಬಿದಾಗ ಲಸಿಕೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ತಪ್ಪದೆ. ಜಂತುಹುಳದ ಔಷಧಿಯನ್ನೂ ಮರೆಯಬೇಡಿ. ನಾಯಿಮರಿಯ ಹುಳ ಮಣ್ಣಲ್ಲಿ ಆಡುವ ಮಕ್ಕಳಿಗೂ ತೊಂದರೆ ಕೊಡುತ್ತದೆ.

ಪಗ್ ಬಗ್ಗೆಯೂ ಕೇಳುತ್ತಾರೆ. ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಹೋಗುತ್ತಿತ್ತಲ್ಲ, ಅದು. ಸ್ವಭಾವ ನಿಜವಾಗಿ ಒಳ್ಳೆಯದು, ಮೈಯೂ ಗಟ್ಟಿ, ಮಕ್ಕಳ ಗಲಾಟೆ ತಡೆಯುತ್ತದೆ. ಆದರೆ ಮೂಗು ಚಪ್ಪಟೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ, ತೇಕಿ ತೇಕಿ ಮೈ ತಣ್ಣಗೆ ಮಾಡಿಕೊಳ್ಳಬೇಕು. ಆ ಮೂಗಿನಲ್ಲಿ ಅದೇ ಕಷ್ಟ. ಏಪ್ರಿಲ್ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಮಧ್ಯಾಹ್ನ ಮೂರು ಗಂಟೆಗೆ ಮಕ್ಕಳ ಜೊತೆ ಟೆರೇಸ್ ಮೇಲೆ ಓಡಿಸಿದರೆ ಪಗ್ ಉಳಿಯೋದೇ ಕಷ್ಟ. ಸಂಜೆ ಕುಂದವಾಡ ಕೆರೆ ಕಡೆ ಗಾಳಿಗೆ ಕರೆದುಕೊಂಡು ಹೋಗಿ, ಅದು ಬೇರೆ ಮಾತು.

ತಿಂಡಿಯ ವಿಷಯ ದಾವಣಗೆರೆಯಲ್ಲಿ ಹೇಳಲೇಬೇಕು. ಮಂಡಕ್ಕಿಗೆ ಕೈ ಹಾಕಿದ ಮಗು ಒಂದು ಹಿಡಿ ನಾಯಿಗೂ ಹಾಕುತ್ತದೆ. ಅದರಲ್ಲಿ ಹೆಚ್ಚಿದ ಈರುಳ್ಳಿ ಇರುತ್ತದೆ. ಈರುಳ್ಳಿ ನಾಯಿಯ ರಕ್ತಕಣ ಒಡೆಯುತ್ತದೆ. ಬೇಯಿಸಿದರೂ ಅಷ್ಟೇ. ಮೂವತ್ತು ಕೇಜಿ ನಾಯಿಗೆ ತಿಳಿಯದ ಪ್ರಮಾಣ ಮೂರು ಕೇಜಿ ನಾಯಿಗೆ ವಿಷ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿಯೂ ಬೇಡ. ಪಾಯಸದ ಲೋಟ ನೆಲದ ಮೇಲೆ ಇಡಬೇಡಿ.

ಹಾಗಾದರೆ ಯಾವ ನಾಯಿ ತರಬೇಕು, ಅದನ್ನು ಹೇಳಿ ಅಂತೀರಿ. ನಾನು ತಿರುಗಿ ಕೇಳುತ್ತೇನೆ: ಮಗುವಿಗೆ ಎಷ್ಟು ವರ್ಷ? ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ? ಅಜ್ಜಿ ಒಬ್ಬರೇ, ಮಂಡಿ ನೋವು, ಮಗುವಿನ ಹಿಂದೆ ಓಡೋಕಾಗಲ್ಲ ಅಂದರೆ ಈಗ ಬೇಡ ಅನ್ನುತ್ತೇನೆ. ಮಗು ಆರೇಳು ವರ್ಷ ದಾಟಲಿ. ಅಷ್ಟು ಕಾಯೋಕಾಗಲ್ಲ ಅನ್ನುವವರಿಗೆ ಮೂರು ಕೇಜಿಯದಕ್ಕಿಂತ ಸ್ಪಿಟ್ಜ್ ವಾಸಿ. ನನ್ನನ್ನೇ ಕೇಳಿದರೆ ನಾಟಿ ನಾಯಿಮರಿ ಇನ್ನೂ ವಾಸಿ. ಗಟ್ಟಿ ಕಾಲು, ಉದ್ದ ಮೂಗು, ಬಿಸಿಲಿಗೆ ಹುಟ್ಟಿದ್ದು. ದುಡ್ಡೂ ಇಲ್ಲ. ಅದಕ್ಕೇ ಇರಬೇಕು, ಈ ಮಾತು ಹೇಳಿದ ಕೂಡಲೇ ಅರ್ಧ ಜನ ಎದ್ದು ಹೋಗುತ್ತಾರೆ.

ಯಾವುದೇ ತನ್ನಿ, ಎಂಟು ವಾರ ತುಂಬದ ಮರಿ ಬೇಡ. ನಾಯಿ ಮಾರಾಟಕ್ಕೆ ಕೇಂದ್ರ ಸರ್ಕಾರ ಮಾಡಿದ 2017ರ ನಿಯಮದ ಪ್ರಕಾರ ಅಂಥ ಮರಿ ಮಾರುವ ಹಾಗೇ ಇಲ್ಲ. ತಾಯಿ, ಒಡಹುಟ್ಟಿದವುಗಳ ಜೊತೆ ಆಡುವಾಗಲೇ ಅದು ಎಷ್ಟು ಗಟ್ಟಿಯಾಗಿ ಕಚ್ಚಬಾರದು ಅಂತ ಕಲಿಯೋದು. ಮನೆಯಲ್ಲಿ ಅದಕ್ಕೊಂದು ಮೂಲೆ ಮಾಡಿ. ಆ ಮೂಲೆಗೆ ಹೋದಾಗ, ತಿನ್ನುವಾಗ, ಮಲಗಿದಾಗ ಮಗು ಹತ್ತಿರ ಹೋಗಬಾರದು.

ಪಿಂಕಿಯ ಕಾಲು ಕೂಡಿತು, ಸ್ವಲ್ಪ ಸೊಟ್ಟಗೆ. ಮೊಮ್ಮಗಳಿಗೆ ಈಗ ಒಂಬತ್ತು. ನಮ್ಮ ಮನೆಯಲ್ಲಿ ಅವತ್ತಿನಿಂದ ಒಂದೇ ಕಾನೂನು: ನಾಯಿಯನ್ನು ಎತ್ತೋದಿಲ್ಲ, ನಾವು ನೆಲದ ಮೇಲೆ ಕೂರೋದು. ಮೊನ್ನೆ ಪಕ್ಕದ ಮನೆಯ ಹುಡುಗ ಎರಡೂ ಕೈ ಚಾಚಿಕೊಂಡು ಓಡಿಬಂದ. ಇವಳು ಅವನ ಅಂಗಿ ಹಿಡಿದು ಜಗ್ಗಿ ಕೂರಿಸಿದಳು. "ಸುಮ್ನೆ ಕೂತ್ಕೋ. ಅದೇ ಬರುತ್ತೆ." ಪಿಂಕಿ ದಿವಾನದ ಕೆಳಗಿಂದ ನೋಡುತ್ತಾ ಮಲಗಿತ್ತು. ಬರಲಿಲ್ಲ. ಹುಡುಗ ಕಾಲು ಗಂಟೆ ಕೂತ, ಅವರಮ್ಮ ಕರೆದಳು, ಹೋದ. ಮಾರನೇ ದಿನ ಮತ್ತೆ ಬಂದು ತಾನಾಗಿಯೇ ನೆಲದ ಮೇಲೆ ಕೂತ.

ನಮಸ್ಕಾರ.