ಕೆಟ್ಟ ಸುದ್ದಿ ಬೇಗ ಬರಲಿ

ಕೇಳುಗರಿಗೆ ನಮಸ್ಕಾರ.

ಹಾಸನ, ಚಿಕ್ಕಮಗಳೂರು ಸೀಮೆಯ ಕಾಫಿ ಕಣಗಳಲ್ಲಿ ಕೊಯ್ಲಿನ ಕಾಲಕ್ಕೆ ಒಂದು ನಷ್ಟ ಸದ್ದಿಲ್ಲದೆ ಆಗುತ್ತದೆ. ಪಾರ್ಚ್‌ಮೆಂಟಿನ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜದ, ತೇವ ಶೇಕಡ 10ರ ಆಸುಪಾಸಿಗೆ ಇಳಿಯುವ ಮೊದಲೇ ಚೀಲ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ, ಬೀಜದ ಬಣ್ಣ ಕೆಡುತ್ತದೆ. ಇನ್ನೂ ಹಸಿಯಿದೆ ಅನ್ನುವುದು ಕಣ ಕೆದಕುವವರ ಕೈಗೇ ಗೊತ್ತಾಗಿರುತ್ತದೆ. ಆದರೂ ಹೇಳುವುದಿಲ್ಲ. ಹಿಂದೆ ಹೇಳಿದವರು ಎಲ್ಲರೆದುರು ಬೈಸಿಕೊಂಡದ್ದನ್ನು ನೋಡಿದ್ದಾರಲ್ಲ!

ತಪ್ಪನ್ನೋ ಅನುಮಾನವನ್ನೋ ಬಾಯಿಬಿಟ್ಟರೆ ಮಾನ ಹೋಗುವುದಿಲ್ಲ ಎಂಬ ನಂಬಿಕೆಯೇ ಮಾನಸಿಕ ಸುರಕ್ಷತೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1999ರಲ್ಲಿ ಇದನ್ನು ಕೆಲಸದ ತಂಡಗಳಲ್ಲಿ ಅಳೆದು ತೋರಿಸಿದರು. ಅದಕ್ಕೂ ಮುಂಚೆ ಆಸ್ಪತ್ರೆಗಳಲ್ಲಿ, ಒಳ್ಳೆಯ ತಂಡಗಳಲ್ಲೇ ಔಷಧದ ತಪ್ಪುಗಳು ಹೆಚ್ಚು ದಾಖಲಾಗಿದ್ದನ್ನು ಕಂಡಿದ್ದರು. ಅಲ್ಲಿ ಮುಚ್ಚಿಡುತ್ತಿರಲಿಲ್ಲ ಎಂಬುದು ಅವರ ವಿವರಣೆ.

ಗದರಿಕೆ ಬಿದ್ದಾಗ ಮಿದುಳಿನ ಅಮಿಗ್ಡಲ ಅಪಾಯ ಎಂದು ಎಚ್ಚರಿಸುತ್ತದೆ. ಎಚ್ಚರ ಹೆಚ್ಚಿಸುವ ನಾರಡ್ರಿನಾಲಿನ್ ಎಂಬ ರಾಸಾಯನಿಕ ಏರುತ್ತದೆ. ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್, ಅಂದರೆ ಯೋಚಿಸಿ ಮಾತು ಜೋಡಿಸುವ ಭಾಗ, ಮಂಕಾಗುತ್ತದೆ. ಆಗ "ಯಾಕೆ ಹೀಗಾಯ್ತು?" ಅಂದರೆ ತಡವರಿಸುತ್ತಾರೆ, ಅದನ್ನು ಸುಳ್ಳು ಎಂದು ತಿಳಿಯಬೇಡಿ. ಒತ್ತಡದ ಹಾರ್ಮೋನು ಕಾರ್ಟಿಸಾಲ್ ತುದಿ ಮುಟ್ಟುವುದೇ ಸುಮಾರು 20–30 ನಿಮಿಷದ ನಂತರ. ಆದ್ದರಿಂದ ತುರ್ತಿಲ್ಲದ ವಿಚಾರಣೆ ಮಧ್ಯಾಹ್ನಕ್ಕಿರಲಿ, ಒಬ್ಬೊಬ್ಬರನ್ನೇ ಕರೆದು.

ಸುದ್ದಿ ತಂದವರಿಗೆ ಮೊದಲ ಮಾತು "ಹೇಳಿದ್ದು ಒಳ್ಳೇದಾಯ್ತು" ಎಂದಿರಲಿ. ಆಮೇಲೆ ಯಾವ ಚೀಲ, ಎಷ್ಟು, ಯಾವಾಗಿನಿಂದ ಎಂದು ಕೇಳಿ. "ಯಾರು ಮಾಡಿದ್ದು?" ಕೊನೆಗಿರಲಿ. ಬೆಳಿಗ್ಗೆ ಕೆಲಸ ಹಂಚುವಾಗ "ಏನಾದ್ರೂ ತೊಂದರೆ ಇದೆಯಾ?" ಅಂದರೆ ಎಲ್ಲರೂ ಇಲ್ಲ ಅಂತಲೇ ತಲೆಯಾಡಿಸುತ್ತಾರೆ. "ಇವತ್ತು ಯಾವ ರಾಶಿ ಕಟ್ಟಬಾರದು?" ಎಂದು ಕೇಳಿ ನೋಡಿ. ಧಣಿಗಳೂ ತೋಟದ ಲೆಕ್ಕ ಬರೆಯುವ ರೈಟರೂ ತಮ್ಮ ಅಭಿಪ್ರಾಯ ಕೊನೆಗೆ ಹೇಳಲಿ. ಮೊದಲೇ ಹೇಳಿಬಿಟ್ಟರೆ ಉಳಿದವರದ್ದು ಬರೀ ಹೂಂ.

ಇದು ಸಲಿಗೆಯಲ್ಲ. ತಡವಾಗಿ ಬಂದವರನ್ನು ಕೇಳಲೇಬೇಕು, ಕೆಲಸ ಅಚ್ಚುಕಟ್ಟಾಗಲೇಬೇಕು.

ಸಾಮಾನ್ಯವಾಗಿ ಇದು ಕೆಡುವುದು ಮೇಸ್ತ್ರಿಯ ಹಂತದಲ್ಲಿ. ಧಣಿ ನಗುತ್ತಾ ಕೇಳಿಸಿಕೊಳ್ಳುತ್ತಾರೆ, ಮೇಸ್ತ್ರಿ ಸಂಜೆ ಅದೇ ಆಳನ್ನು ಹಿಡಿದು ಜಾಡಿಸುತ್ತಾರೆ. ಮೇಸ್ತ್ರಿಗೆ ಧಣಿಯಿಂದ ಬೈಗುಳ ಬೀಳುತ್ತಿದ್ದರೆ ಅದು ಕೆಳಗಿಳಿಯದೆ ಇರುತ್ತದೆಯೇ? ಮೊದಲು ಅಲ್ಲಿ ಸರಿಮಾಡಿ. ಇನ್ನು, ಆ ಚೀಲ ಬಿಚ್ಚಿ ಮತ್ತೆ ಕಣಕ್ಕೆ ಹರಡಿದಿರಾ? ಸುದ್ದಿ ತಂದವರಿಗೆ ಅದನ್ನು ಮರುದಿನವೇ ತಿಳಿಸಿ. ಇಲ್ಲದಿದ್ದರೆ ಎರಡನೇ ಸಲ ಅವರು ಬರುವುದಿಲ್ಲ.

ನಮಸ್ಕಾರ.