ಹುತ್ತದ ಅಣಬೆ ಮತ್ತು ಗೆದ್ದಲಿನ ತೋಟ

ಪರದೆಯ ಮೇಲೆ ಕಾಣುತ್ತಿರುವುದು ತುಮಕೂರಿನಿಂದ ದೇವರಾಯನದುರ್ಗದ ಕಡೆಗೆ ಹೋಗುವಾಗ ಸಿಗುವ ಹೊಲವೊಂದರ ಬದು. ಎದುರಿನ ಬೆಟ್ಟ ಮೀಸಲು ಅರಣ್ಯಕ್ಕೆ ಸೇರಿದ್ದರಿಂದ ಅಲ್ಲಿಗೆ ಕೈಹಾಕದೆ, ಹೊಲದವರನ್ನು ಕೇಳಿಕೊಂಡೇ ಇಲ್ಲಿಗೆ ಬಂದಿದ್ದೇನೆ. ಆರಿದ್ರಾ ಮಳೆ ಚೆನ್ನಾಗಿ ಹುಯ್ದು ನೆಲ ನೆನೆದಿರುವುದರಿಂದ ಹುತ್ತದ ಬುಡದಲ್ಲಿ ಅಣಬೆಗಳು ಗುಂಪುಗುಂಪಾಗಿ ಎದ್ದಿವೆ. ವಿಜ್ಞಾನಿಗಳು ಇವುಗಳ ಕುಲವನ್ನು ಟರ್ಮಿಟೊಮೈಸಿಸ್ ಎಂದು ಕರೆಯುತ್ತಾರೆ.

ಇನ್ನೂ ಅರಳದ ಈ ಅಣಬೆಯ ನೆತ್ತಿಯನ್ನು ಗಮನಿಸಿ. ಅಲ್ಲಿರುವ ಗಟ್ಟಿಯಾದ ಕಂದು ಮೊನೆಯೇ ಬಿಗಿದ ಮಣ್ಣನ್ನು ತೂರಿಕೊಂಡು ಮೇಲೆ ಬಂದದ್ದು. ಬುಡದ ಮಣ್ಣನ್ನು ಬೆರಳಿನಿಂದ ಸಡಿಲಿಸಿದರೆ ಕಾಂಡ ಅಲ್ಲಿಗೇ ಮುಗಿಯದೆ, ಬೇರಿನಂತೆ ಸಣ್ಣಗಾಗುತ್ತ ಆಳಕ್ಕೆ ಇಳಿದಿರುವುದು ಕಾಣುತ್ತದೆ. ಅದು ಹೋಗಿ ಸೇರುವುದು ಗೆದ್ದಲುಗಳ ತೋಟವನ್ನು.

ತೋಟ ಎನ್ನುವುದು ಅಲಂಕಾರದ ಮಾತಲ್ಲ. ಗೆದ್ದಲುಗಳು ಒಣ ಕಟ್ಟಿಗೆಯನ್ನೂ ತರಗನ್ನೂ ತಿಂದು, ಪೂರ್ತಿ ಜೀರ್ಣವಾಗದ ತಮ್ಮ ಹಿಕ್ಕೆಯಿಂದಲೇ ಸ್ಪಂಜಿನಂಥ ಗೂಡುಗಳನ್ನು ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತವೆ. ಮರದ ಲಿಗ್ನಿನ್ನಿನಂಥ ಕಠಿಣ ಅಂಶವನ್ನು ಶಿಲೀಂಧ್ರ ಒಡೆದು ಮೆತ್ತಗೆ ಮಾಡಿಕೊಡುತ್ತದೆ. ಗೂಡಿನ ಮೇಲೆ ಮೂಡುವ ಪುಟ್ಟ ಬಿಳಿ ಉಂಡೆಗಳು ಗೆದ್ದಲಿನ ಆಹಾರ. ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಆರಂಭವಾದ ಬೇಸಾಯವಿದು. ಗೆದ್ದಲಿಲ್ಲದೆ ಇದನ್ನು ವಾಣಿಜ್ಯವಾಗಿ ಬೆಳೆಯುವುದು ಸಾಧ್ಯವಾಗದಿರುವುದರಿಂದಲೇ ಬಟನ್ ಅಣಬೆಯಂತೆ ಇದು ವರ್ಷವಿಡೀ ಅಂಗಡಿಗೆ ಬರುವುದಿಲ್ಲ. ಆದ್ದರಿಂದ ಇನ್ನಷ್ಟು ಸಿಗಬಹುದೆಂದು ಹುತ್ತಕ್ಕೆ ಹಾರೆ ಹಾಕುವುದು ನನ್ನ ಪ್ರಕಾರ ಶುದ್ಧ ದಡ್ಡತನ. ಕೆಳಗಿನ ಗೂಡು ಉಳಿದರೆ ತಾನೇ ಮುಂದಿನ ಮಳೆಗಾಲಕ್ಕೂ ಅಣಬೆ?

ಬಿಳಿಯ ಕೊಡೆಗಳೆಲ್ಲ ತಿನ್ನುವಂಥವಲ್ಲ. ಹುಲ್ಲುನೆಲದಲ್ಲಿ ಏಳುವ ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್ ಎಂಬ ವಿಷದ ಅಣಬೆ ನೋಡುವುದಕ್ಕೆ ಸೊಗಸಾಗಿದ್ದರೂ ವಾಂತಿ ಭೇದಿ ತರುತ್ತದೆ. ಬಲಿತ ಮೇಲೆ ಅದರ ಕೊಡೆಯಡಿಯ ಪದರಗಳು ಹಸಿರುಬಣ್ಣಕ್ಕೆ ತಿರುಗಿದರೆ ಹುತ್ತದ ಅಣಬೆಯವು ನಸುಗೆಂಪಾಗುತ್ತವೆ. ಎಳೆಯದರಲ್ಲಿ ಈ ವ್ಯತ್ಯಾಸ ಕಾಣದು. ಹಾಗಾಗಿ ಈ ವಿಡಿಯೋ ನೋಡಿಕೊಂಡು ಯಾರೂ ಅಣಬೆ ಕಿತ್ತು ತಿನ್ನಬಾರದು. ಬಹಳ ಕಾಲದಿಂದ ಬಲ್ಲವರು ಜೊತೆಯಲ್ಲಿರಲೇಬೇಕು.

ಪೂರ್ತಿ ಅರಳಿದ ಕೊಡೆಯೊಳಗೆ ಬಹುಬೇಗ ಹುಳು ಸೇರುವುದರಿಂದ ಅರೆಬಿರಿದವನ್ನೇ ಆರಿಸಿಕೊಂಡಿದ್ದೇವೆ. ಮಣ್ಣು ಹೋಗುವವರೆಗೆ ತೊಳೆದು, ಕಾಯಿ ಮಸಾಲೆ ಅರೆದು ಹಾಕಿ, ಚೆನ್ನಾಗಿ ಬೇಯಿಸಿದ ಸಾರು ಇವತ್ತೇ ಮುದ್ದೆಯ ಜೊತೆ ಖಾಲಿಯಾಗಬೇಕು.